ನಮ್ಮ ಮನೆಯ ಪಾವು

ಅಳತೆಯೆಂಬುದು ಬೇರೆ, ತೂಕವೆಂಬುದು ಬೇರೆ. ಪಾತ್ರೆಯೊಂದು ತನ್ನೊಳಗೆ ಎಷ್ಟು ಎಡೆಯನ್ನು ಕೊಡುವುದೋ ಅದು ಅಳತೆ. ಆ ಎಡೆಯನ್ನು ತುಂಬಿದ ವಸ್ತು ಎಷ್ಟು ಭಾರವಾಗಿರುವುದೋ ಅದು ತೂಕ. ಇದು ಪಾಠಶಾಲೆಯ ಮಕ್ಕಳಿಗೂ ತಿಳಿದ ಮಾತಷ್ಟೆ. ಆದರೂ ಅಡಿಗೆಮನೆಯ ಹೊಸ್ತಿಲನ್ನು ದಾಟುತ್ತಲೇ ದೊಡ್ಡವರು ಕೂಡ ಇದನ್ನು ಮರೆತುಬಿಡುವುದುಂಟು. “ಒಂದು ಪಾವು ಎಂದರೆ ಎಷ್ಟು ಗ್ರ್ಯಾಂ?” ಎಂದು ಕೇಳತಕ್ಕವರನ್ನು ನಾನು ಈಚೆಗೆ ಬಹಳವಾಗಿ ಕಾಣುತ್ತಿದ್ದೇನೆ. ಆ ಪ್ರಶ್ನೆಗೆ, ಅದು ಇರುವ ರೂಪದಲ್ಲಿ, ಉತ್ತರವೇ ಇಲ್ಲ. ಯಾವ ಪಾವು, ಯಾವ ವಸ್ತು, ತುಂಬಿದ ಕೈ ಯಾರದು ಎಂಬ ಮೂರನ್ನೂ ಮೊದಲು ಹೇಳಿದ ಹೊರತು ಗ್ರ್ಯಾಮಿನ ಮಾತನ್ನು ಎತ್ತುವಂತಿಲ್ಲ.

ಈ ವಿಚಾರಕ್ಕೆ ನಾನು ಕೈ ಹಾಕಬೇಕಾಗಿ ಬಂದ ಕಾರಣವನ್ನು ಹೇಳುತ್ತೇನೆ. ನನ್ನ ಸೋದರಸೊಸೆಯೊಬ್ಬಳು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸಂಸಾರ ಹೂಡಿದ್ದಾಳೆ. ಆ ದೇಶದ ಅಡಿಗೆಯ ಪುಸ್ತಕಗಳಲ್ಲಿ ಹಿಟ್ಟು, ಸಕ್ಕರೆ, ಬೆಣ್ಣೆ ಎಲ್ಲವೂ ಗ್ರ್ಯಾಮಿನಲ್ಲಿಯೇ ಇರುತ್ತವೆ. ಮನೆಮನೆಯಲ್ಲಿಯೂ ಒಂದು ಪುಟ್ಟ ತಕ್ಕಡಿ ಇರುತ್ತದೆ. ನಮ್ಮ ಮನೆಯ ಸಾರಿನ ಪುಡಿಯನ್ನು ಅಲ್ಲಿ ತಾನೇ ಮಾಡಿಕೊಳ್ಳಬೇಕೆಂದು ಅವಳು ಹೊರಟಳು. ಅವಳ ಬಳಿ ಇದ್ದ ಚೀಟಿಯಲ್ಲಿ ಧನಿಯ ಒಂದು ಸೇರು, ಮೆಣಸಿನಕಾಯಿ ಎರಡು ಸೇರು, ಜೀರಿಗೆ ಅರ್ಧ ಪಾವು, ಮೆಣಸು ಒಂದು ಚಟಾಕು, ಮೆಂತ್ಯ ಮತ್ತು ಸಾಸಿವೆ ಅರ್ಧರ್ಧ ಚಟಾಕು ಎಂದಿತ್ತು. ಎಲ್ಲಿಯೋ ಅಚ್ಚಾಗಿದ್ದ ಒಂದು ಪಟ್ಟಿಯಲ್ಲಿ ‘ಒಂದು ಪಾವು ಎಂದರೆ 250 ಗ್ರ್ಯಾಂ’ ಎಂದು ಕಂಡು, ಅದನ್ನೇ ಎಲ್ಲಕ್ಕೂ ಅನ್ವಯಿಸಿ, ಕಾಲು ಪಾಲು ಮಾಡಲು ಹೊರಟ ಆಕೆ ಧನಿಯವನ್ನು 250 ಗ್ರ್ಯಾಂ, ಮೆಣಸಿನಕಾಯಿಯನ್ನು 500 ಗ್ರ್ಯಾಂ ತೂಗಿ ಹುರಿದಳು. ಧನಿಯಕ್ಕಿಂತ ಎರಡರಷ್ಟು ಮೆಣಸಿನಕಾಯಿ! ಬ್ಯಾಡಗಿಯ ಕಾಯೇ ಆದರೇನು, ಆ ಪುಡಿಯ ಸಾರನ್ನು ಯಾರೂ ಎರಡನೆಯ ತುತ್ತಿಗೆ ತೆಗೆದುಕೊಳ್ಳಲಿಲ್ಲವಂತೆ. “ಅಜ್ಜಿಯ ಲೆಕ್ಕವೇ ತಪ್ಪಿರಬೇಕು” ಎಂದು ಬರೆದಿದ್ದಳು.

ಆ ಚೀಟಿಯ ಲೆಕ್ಕ ನನ್ನ ಹಿರಿಯಕ್ಕನದು. ಅವಳಿಗೆ ಈಗ ಎಂಬತ್ತೊಂದು ವರ್ಷ. ನಾನು ಮನೆಯಲ್ಲಿ ಕಡೆಯವನು, ಅವಳು ಮೊದಲನೆಯವಳು. ನಮ್ಮಿಬ್ಬರಿಗೂ ಇಪ್ಪತ್ತು ವರ್ಷಗಳ ಅಂತರ. ನನ್ನನ್ನು ಎತ್ತಿ ಆಡಿಸಿದವಳು ಅವಳೇ. ನಮ್ಮ ತಾಯಿಯವರು ಬರೆದಿಟ್ಟ ಅಡಿಗೆಯ ಪುಸ್ತಕವೊಂದು ಅವಳ ಬಳಿ ಇದೆ; ಆದರೆ ಆ ಪುಸ್ತಕವನ್ನು ಓದುವುದಕ್ಕೆ ಅಕ್ಷರಜ್ಞಾನವೊಂದೇ ಸಾಲದು, ಅಕ್ಕನೂ ಬೇಕು. ಕಣ್ಣಿನೊಳಗಿನ ಒತ್ತಡದ ರೋಗದಿಂದ ಅವಳ ದೃಷ್ಟಿಯು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಹೋದ ದೃಷ್ಟಿ ಮರಳಿ ಬರತಕ್ಕದ್ದಲ್ಲವೆಂದೂ ಉಳಿದದ್ದನ್ನು ಉಳಿಸಿಕೊಳ್ಳಬಹುದೆಂದೂ ವೈದ್ಯರು ಹೇಳಿದ್ದಾರೆ. ಕೈಯೂ ಸ್ವಲ್ಪ ನಡುಗುತ್ತದೆ. ಇವೆಲ್ಲವನ್ನೂ ನೋಡಿ, ಪಾವನ್ನು ಗ್ರ್ಯಾಮಿಗೆ ಇಳಿಸತಕ್ಕ ಕೆಲಸವನ್ನು ಇನ್ನು ಮುಂದಕ್ಕೆ ಹಾಕಬಾರದೆಂದು ನಿಶ್ಚಯಿಸಿದೆನು.

ಮೊದಲು ‘ಸೇರು’ ಎಂಬ ಶಬ್ದವನ್ನೇ ವಿಚಾರಿಸಬೇಕು. ನಮ್ಮ ತಾಯಿಯವರ ಪುಸ್ತಕದಲ್ಲಿ ಈ ಒಂದು ಶಬ್ದಕ್ಕೆ ಬೇರೆಬೇರೆ ಅರ್ಥಗಳಿರುವುದು ಕಂಡುಬಂದಿತು. ಅಕ್ಕಿ, ಬೇಳೆ, ಧನಿಯಗಳಿಗೆ ಸೇರೆಂದರೆ ಪಾತ್ರೆಯ ಅಳತೆ. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ತೂಕದಲ್ಲಿ ಹೇಳುವಾಗ ಪಕ್ಕಾ ಸೇರು ಎಂಬುದು 80 ತೊಲ. ಒಂದು ತೊಲಕ್ಕೆ 11.66 ಗ್ರ್ಯಾಮಿನಂತೆ ಅದು 933 ಗ್ರ್ಯಾಂ ಆಗುತ್ತದೆ. ಇವೆರಡೂ ಅಲ್ಲದೆ ಹಳೆಯ ಮೈಸೂರು ಸೀಮೆಯಲ್ಲಿ ಕಚ್ಚಾ ಸೇರು ಎಂಬುದೊಂದು ನಡೆಯುತ್ತಿತ್ತು. ಅದು 24 ತೊಲ ಮಾತ್ರ, ಎಂದರೆ ಸುಮಾರು 280 ಗ್ರ್ಯಾಂ. ಪುಸ್ತಕದ ಒಂದು ಹಾಳೆಯಲ್ಲಿ ಸಿಹಿ ಹುಗ್ಗಿಗೆ ‘ಅಕ್ಕಿ ಒಂದು ಪಾವು, ಹೆಸರುಬೇಳೆ ಅರ್ಧ ಪಾವು, ಬೆಲ್ಲ ಒಂದೂವರೆ ಸೇರು’ ಎಂದಿದೆ. ಪಕ್ಕಾ ಸೇರೆಂದು ತಿಳಿದರೆ ಬೆಲ್ಲವು 1,400 ಗ್ರ್ಯಾಂ ಆಗಿ ಹುಗ್ಗಿಯು ಪಾಕವಾಗಿ ಹರಿಯುವುದು. ಅಕ್ಕನನ್ನು ಕೇಳಲಾಗಿ, “ಬೆಲ್ಲ ಎಂದಾದರೂ ಪಕ್ಕಾ ತೂಕಕ್ಕೆ ಬರುತ್ತಿತ್ತೇನೋ? ಬೆಲ್ಲ, ಹುಣಿಸೆಹಣ್ಣು ಎಲ್ಲವೂ ಕಚ್ಚಾ” ಎಂದಳು. ಅಲ್ಲಿಗೆ 420 ಗ್ರ್ಯಾಂ. ಅಕ್ಕಿ ಬೇಳೆಗಳು ಕೂಡಿ 320 ಗ್ರ್ಯಾಮಿನಷ್ಟು ಇರುವಲ್ಲಿ ಇದು ಸರಿಯಾದ ಸಿಹಿ. ಪುಸ್ತಕದಲ್ಲಿ ‘ಕಚ್ಚಾ’ ಎಂಬ ಮಾತು ಎಲ್ಲಿಯೂ ಇಲ್ಲ. ಬರೆದವರಿಗೆ ಅದನ್ನು ಬರೆಯಬೇಕೆಂದೇ ತೋರಿರಲಾರದು. ಮನೆಯಲ್ಲಿ ಎಲ್ಲರೂ ಬಲ್ಲ ಸಂಗತಿಯನ್ನು ಯಾರು ಬರೆಯುತ್ತಾರೆ? ಬಲ್ಲವರಲ್ಲಿ ಈಗ ಉಳಿದಿರುವವಳು ಒಬ್ಬಳು.

ಸರ್ಕಾರದವರು 1956 ರಲ್ಲಿ ತೂಕ ಮತ್ತು ಅಳತೆಗಳ ಶಾಸನವನ್ನು ಮಾಡಿ, 1958 ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳನ್ನು ಬಳಕೆಗೆ ತರಲಾರಂಭಿಸಿ, 1962 ರ ಹೊತ್ತಿಗೆ ಅವನ್ನು ಕಡ್ಡಾಯಗೊಳಿಸಿದರು. ಅಂಗಡಿಯಲ್ಲಿ ಸೇರು ಹೋಗಿ ಕಿಲೋಗ್ರ್ಯಾಂ ಬಂದಿತು. ಆದರೆ ಯಾವ ಶಾಸನವೂ ಅಡಿಗೆಮನೆಯೊಳಕ್ಕೆ ಬಂದು ಅಕ್ಕಿಯ ಡಬ್ಬದಲ್ಲಿದ್ದ ಪಾವನ್ನು ಎತ್ತಿಕೊಂಡು ಹೋಗಲಿಲ್ಲ. ಹೀಗಾಗಿ ಅರುವತ್ತು ವರ್ಷಗಳಿಗೂ ಮಿಕ್ಕಿ ನಮ್ಮ ಗೃಹಿಣಿಯರು ಕಿಲೋಗ್ರ್ಯಾಮಿನಲ್ಲಿ ಕೊಂಡು ಪಾವಿನಲ್ಲಿ ಬೇಯಿಸುತ್ತ ಬಂದಿದ್ದಾರೆ. ಎರಡಕ್ಕೂ ನಡುವಣ ಲೆಕ್ಕವನ್ನು ಅವರ ಕೈಗಳು ಬಲ್ಲವು, ಕಾಗದವು ಅರಿಯದು.

ಸಂಸ್ಕೃತವನ್ನು ಪಾಠ ಹೇಳಿದವನಾದ್ದರಿಂದ ಇಲ್ಲಿ ಹಿಂದಿನವರ ಮಾತನ್ನು ಸ್ವಲ್ಪ ಹೇಳುವ ಚಪಲವನ್ನು ವಾಚಕರು ಮನ್ನಿಸಬೇಕು. ಕುಡವ, ಪ್ರಸ್ಥ, ಆಢಕ, ದ್ರೋಣ ಎಂಬ ಅಳತೆಗಳು ಒಂದಕ್ಕೊಂದು ನಾಲ್ಕು ಮಡಿಯಾಗಿ ಏರುತ್ತವೆ. ಭಾಸ್ಕರಾಚಾರ್ಯರು 1150 ರಲ್ಲಿ ರಚಿಸಿದ ಲೀಲಾವತಿಯಲ್ಲಿ, ಉದ್ದ ಅಗಲ ಆಳಗಳು ಒಂದೊಂದು ಹಸ್ತವಿರುವ ಪಾತ್ರೆಯನ್ನು ಮಾಗಧ ಖಾರಿಯೆಂದು ಹೇಳಿ, ಅದರ ಹದಿನಾರನೆಯ ಪಾಲನ್ನು ದ್ರೋಣವೆಂದಿದ್ದಾರೆ. ಹಸ್ತವನ್ನು ಹದಿನೆಂಟು ಅಂಗುಲವಿರುವ ಇಂಗ್ಲಿಷ್ ಮೊಳವೆಂದು ಇಟ್ಟುಕೊಂಡರೆ ಕುಡವವು ಸುಮಾರು 93 ಮಿಲಿಲೀಟರು ಆಗುತ್ತದೆ. ವೈದ್ಯಗ್ರಂಥವಾದ ಶಾರ್ಙ್ಗಧರ ಸಂಹಿತೆಯಲ್ಲಾದರೋ ಕುಡವವೆಂದರೆ ನಾಲ್ಕು ಬೆರಳಗಲ, ನಾಲ್ಕು ಬೆರಳೆತ್ತರದ ಪಾತ್ರೆ. ಅದು ಲೀಲಾವತಿಯ ಕುಡವದ ಮೂರರಷ್ಟಕ್ಕೂ ಹೆಚ್ಚಾದೀತು. ಶಬ್ದವೊಂದೇ, ಪಾತ್ರೆ ಬೇರೆ. ‘ಯಾವ ಪಾವು’ ಎಂಬ ಪ್ರಶ್ನೆಯು ಹೊಸದೇನೂ ಅಲ್ಲ.

ಇದಕ್ಕಿಂತಲೂ ನನ್ನ ಗಮನವನ್ನು ಸೆಳೆದದ್ದು ಕೌಟಿಲ್ಯನ ಮಾತು. 1905 ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳವರು 1909 ರಲ್ಲಿ ಅಚ್ಚುಹಾಕಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ತೂಕ ಅಳತೆಗಳ ಪ್ರಕರಣವೊಂದಿದೆ. ಅಲ್ಲಿ ದ್ರೋಣವನ್ನು ಹೇಳುವಾಗ ಕೌಟಿಲ್ಯನು ಬರಿಯ ಪಾತ್ರೆಯ ಅಗಲ ಆಳಗಳನ್ನು ಹೇಳಿ ಸುಮ್ಮನಾಗುವುದಿಲ್ಲ. ಇನ್ನೂರು ಪಲ ತೂಗುವ ಉದ್ದು ಹಿಡಿಯತಕ್ಕದ್ದು ರಾಜನ ಆದಾಯಕ್ಕೆ ಸಲ್ಲುವ ದ್ರೋಣವೆಂದು ಹೇಳುತ್ತಾನೆ. ಎಂದರೆ ಇಂಥ ಧಾನ್ಯ, ಇಷ್ಟು ತೂಕ, ಅದು ಹಿಡಿಯುವ ಪಾತ್ರೆ ಎಂದು ಅಳತೆಯನ್ನು ತೂಕದಿಂದಲೇ ಕಟ್ಟಿಹಾಕಿದ್ದಾನೆ. ಧಾನ್ಯದ ಹೆಸರನ್ನು ಬಿಟ್ಟರೆ ಲೆಕ್ಕವು ನಿಲ್ಲದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. (ವ್ಯಾಪಾರದ ದ್ರೋಣಕ್ಕೆ 187½ ಪಲ, ಹಂಚಿಕೊಡುವುದಕ್ಕೆ 175, ಅಂತಃಪುರಕ್ಕೆ 162½ ಎಂದು ಅವನು ಇಳಿಸುತ್ತ ಹೋಗುವುದನ್ನು ನೋಡಿದರೆ, ತೆಗೆದುಕೊಳ್ಳುವ ಸೇರು ದೊಡ್ಡದು, ಕೊಡುವ ಸೇರು ಚಿಕ್ಕದು ಎಂಬ ನಮ್ಮ ಹಳ್ಳಿಯವರ ಗೊಣಗಾಟವೂ ಪುರಾತನವಾದದ್ದೆಂದು ತೋರುತ್ತದೆ.)

ಇನ್ನು ನಮ್ಮ ಮನೆಯ ಪಾವಿಗೆ ಬರುತ್ತೇನೆ. ಅದು ಹಿತ್ತಾಳೆಯದು, ಬಾಯಿಯ ಅಗಲ 7 ಸೆಂಟಿಮೀಟರು, ಆಳ ಆರೂವರೆಗಿಂತ ಕೂದಲೆಳೆಯಷ್ಟು ಹೆಚ್ಚು. ನಾಲ್ಕು ಬೆರಳುಗಳನ್ನು ಜೋಡಿಸಿ ಬಾಯಿಗೆ ಅಡ್ಡಲಾಗಿ ಇಟ್ಟರೆ ಸರಿಯಾಗಿ ಕೂಡುತ್ತದೆ. ವಿದ್ಯುತ್ಕೋಶದಿಂದ ನಡೆಯುವ ಅಡಿಗೆಯ ತಕ್ಕಡಿಯೊಂದನ್ನು ತರಿಸಿದೆನು. ಬರಿಯ ಪಾವನ್ನು ಅದರ ಮೇಲಿಟ್ಟು ಗುಂಡಿಯನ್ನು ಒತ್ತಿದರೆ ಅಂಕೆಯು ಶೂನ್ಯಕ್ಕೆ ಬರುತ್ತದೆ. ಆಮೇಲೆ ತುಂಬಿದ್ದರ ತೂಕ ಮಾತ್ರ ಕಾಣುತ್ತದೆ. ಮೊದಲು ಕಂಠಮಟ್ಟ ನೀರನ್ನು ತುಂಬಿದೆನು: 252 ಗ್ರ್ಯಾಂ. ನೀರು ಒಂದು ಮಿಲಿಲೀಟರಿಗೆ ಒಂದು ಗ್ರ್ಯಾಂ ಇರುವುದರಿಂದ ನಮ್ಮ ಪಾವಿನ ಎಡೆ 252 ಮಿಲಿಲೀಟರು ಎಂದಾಯಿತು. ಬೇರೆ ಮನೆಯ ಪಾವು ಇದಕ್ಕಿಂತ ಹೆಚ್ಚುಕಡಿಮೆ ಇರಬಹುದು. ಆದಕಾರಣ ವಾಚಕರು ನನ್ನ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳದೆ, ತಮ್ಮ ಪಾವಿಗೆ ನೀರು ತುಂಬಿ ತೂಗಿ ಆಮೇಲೆ ಮುಂದುವರಿಯತಕ್ಕದ್ದು.

ಅಕ್ಕನನ್ನು ಮಣೆಯ ಮೇಲೆ ಕೂಡಿಸಿ, ಒಂದೊಂದಾಗಿ ಧಾನ್ಯಗಳನ್ನು ಮುಂದಿಟ್ಟೆನು. ಅವಳು ತುಂಬುವುದು, ನಾನು ತೂಗುವುದು, ನನ್ನ ಹೆಂಡತಿ ಬರೆದುಕೊಳ್ಳುವುದು. ಅಕ್ಕಿ 214 ಗ್ರ್ಯಾಂ ಬಂದಿತು. ತೊಗರಿಬೇಳೆ 208, ಸಕ್ಕರೆ 218, ಸಣ್ಣ ರವೆ 176. ಧನಿಯ ಎಷ್ಟೆಂದು ನೀವು ಎಣಿಸುತ್ತೀರಿ? ಅಕ್ಕಿಯ ಅರ್ಧಕ್ಕೂ ಕಡಿಮೆ, 84 ಗ್ರ್ಯಾಂ ಮಾತ್ರ. ಧನಿಯದ ಕಾಳು ಒಳಗೆ ಟೊಳ್ಳು, ಹೊರಗೆ ಗುಂಡು. ಕಾಳುಕಾಳಿನ ನಡುವೆ ಗಾಳಿಯೇ ಹೆಚ್ಚು. ತೊಟ್ಟು ಬಿಡಿಸಿದ ಬ್ಯಾಡಗಿ ಮೆಣಸಿನಕಾಯಿಯನ್ನು ಪಾವಿನಲ್ಲಿ ತುಂಬುವಂತಿಲ್ಲ. ಸೇರಿನಲ್ಲಿ ಒತ್ತದೆ ತುಂಬಿದಾಗ ಇಡೀ ಸೇರು 110 ಗ್ರ್ಯಾಂ ತೂಗಿತು. ಮಂಡಕ್ಕಿಯ ಪಾವು 19 ಗ್ರ್ಯಾಂ. ಒಂದೇ ಪಾತ್ರೆಯಲ್ಲಿ 19 ರಿಂದ 218 ರವರೆಗೆ ಹರಡಿರುವ ಈ ಅಂಕಿಗಳ ಮುಂದೆ, ‘ಪಾವಿಗೆ 250’ ಎಂದು ಅಚ್ಚುಹಾಕಿಸಿದವರು ನೀರನ್ನೊಂದೇ ಬೇಯಿಸಿ ಉಂಡಿರಬೇಕೆಂದು ಹೇಳದೆ ವಿಧಿಯಿಲ್ಲ.

ತುಂಬುವ ಕೈಯ ವಿಚಾರವೊಂದುಂಟು. ಅಕ್ಕನು ಅಕ್ಕಿಯನ್ನು ಮೂರು ಸಲ ತುಂಬಿದಳು: 213, 214, 215. ನಾನು ಮೂರು ಸಲ ತುಂಬಿದೆನು: 206, 219, 211. ನನ್ನ ಕಣ್ಣು ಸರಿಯಾಗಿದೆ, ಅವಳಿಗೆ ಪಾವಿನ ಅಂಚು ಕೂಡ ಸ್ಪಷ್ಟವಾಗಿ ಕಾಣದು. ಅವಳು ಮಾಡುವುದನ್ನು ಆಮೇಲೆ ಗಮನವಿಟ್ಟು ನೋಡಿದೆನು. ಪಾವನ್ನು ಅಕ್ಕಿಯೊಳಗೆ ಓರೆಯಾಗಿ ಇಳಿಸಿ, ಮೇಲಕ್ಕೆ ತರುತ್ತಲೇ ಒಮ್ಮೆ ಮಾತ್ರ ಅಲುಗಿಸಿ, ಹೆಬ್ಬೆರಳ ಪಕ್ಕದಿಂದ ಅಂಚಿನಗುಂಟ ಗೀಸಿಬಿಡುತ್ತಾಳೆ. ನಡುಗುವ ಕೈ ಆ ಒಂದು ಕ್ಷಣದಲ್ಲಿ ನಡುಗುವುದಿಲ್ಲ. ಅರುವತ್ತೈದು ವರ್ಷಗಳಿಂದ ದಿನಕ್ಕೆರಡು ಹೊತ್ತು ಹೀಗೆ ಗೀಸಿದ ಬೆರಳು. ಎಲ್ಲ ವಸ್ತುಗಳ ತೂಕವನ್ನೂ ಅವಳ ಕೈಯಿಂದಲೇ ತೆಗೆಯಬೇಕೆಂದು ಆಗ ತಿಳಿದುಕೊಂಡೆನು. ಏಕೆಂದರೆ ನಮಗೆ ಬೇಕಾದದ್ದು ಪಾವಿನ ತೂಕವಲ್ಲ, ಅವಳ ಪಾವಿನ ತೂಕ.

ಗೀಸದೆ ಗೋಪುರವಾಗಿ ಅಳೆಯುವ ರೂಢಿಯೂ ಇದೆಯಷ್ಟೆ. ಮಡಿಲು ತುಂಬುವಾಗಲೂ ಭಿಕ್ಷೆಗೆ ಹಾಕುವಾಗಲೂ ನಮ್ಮ ಮನೆಯಲ್ಲಿ ತಲೆಯನ್ನು ಗೀಸುವ ಪದ್ಧತಿಯಿಲ್ಲ. ಪುಸ್ತಕದಲ್ಲಿ ಕೆಲವೆಡೆ ‘ತುಂಬಿದ ಪಾವು’ ಎಂದು ಬರೆದಿರುವುದು ಇದನ್ನೇ. ಈ ಗೋಪುರದಲ್ಲಿ ಎಷ್ಟು ಧಾನ್ಯವಿರುತ್ತದೆಯೆಂಬುದನ್ನು ತಕ್ಕಡಿಯಿಲ್ಲದೆ ತಿಳಿಯುವ ಸೂತ್ರವನ್ನು ಲೀಲಾವತಿಯ ರಾಶಿವ್ಯವಹಾರದಲ್ಲಿ ಭಾಸ್ಕರಾಚಾರ್ಯರು ಕೊಟ್ಟಿದ್ದಾರೆ: ದಪ್ಪ ಧಾನ್ಯದ ರಾಶಿಯ ಎತ್ತರವು ಸುತ್ತಳತೆಯ ಹತ್ತನೆಯ ಒಂದು ಪಾಲು, ಸಣ್ಣ ಕಾಳಿನದಾದರೆ ಹನ್ನೊಂದನೆಯ ಪಾಲು, ಮುಳ್ಳಿರುವ ಧಾನ್ಯದ್ದಾದರೆ ಒಂಬತ್ತನೆಯ ಪಾಲು; ಸುತ್ತಳತೆಯ ಆರನೆಯ ಪಾಲನ್ನು ವರ್ಗಮಾಡಿ ಎತ್ತರದಿಂದ ಗುಣಿಸಿದರೆ ರಾಶಿಯ ಘನಫಲ. ನಮ್ಮ ಪಾವಿನ ಬಾಯಿಯ ಸುತ್ತಳತೆ 22 ಸೆಂಟಿಮೀಟರು. ಹತ್ತನೆಯ ಪಾಲಿನ ಲೆಕ್ಕದಲ್ಲಿ ಗೋಪುರದ ಎತ್ತರ 2.2 ಸೆಂಟಿಮೀಟರು, ಘನಫಲ ಇಪ್ಪತ್ತೊಂಬತ್ತೂವರೆ ಮಿಲಿಲೀಟರಿನಷ್ಟು, ಅಕ್ಕಿಯ ತೂಕದಲ್ಲಿ ಅದು 25 ಗ್ರ್ಯಾಂ. ಅಕ್ಕನಿಂದ ಗೋಪುರವಾಗಿ ತುಂಬಿಸಿ ತೂಗಿದೆನು. ತಕ್ಕಡಿಯು 238 ತೋರಿಸಿತು. ಗೀಸಿದ್ದಕ್ಕಿಂತ 24 ಗ್ರ್ಯಾಂ ಹೆಚ್ಚು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ನಾನು, ಎಂಟುನೂರು ಎಪ್ಪತ್ತು ವರ್ಷಗಳಷ್ಟು ಹಿಂದಿನ ಈ ಉತ್ತರಕ್ಕೆ ಪೂರ್ಣಾಂಕವನ್ನು ಕೊಟ್ಟು ಸಂತೋಷಪಟ್ಟೆನು. ಬಾಯಿ ಅಗಲವಾಗಿ ಆಳ ಕಡಿಮೆಯಾದಷ್ಟೂ ಗೋಪುರದ ಪಾಲು ಹೆಚ್ಚುತ್ತದೆ. ಕೌಟಿಲ್ಯನು ಅಳತೆಯ ಪಾತ್ರೆಯಲ್ಲಿ ಕಾಲುಪಾಲು ಶಿಖೆಗೆ ಬಿಡಬೇಕೆಂದಿರುವುದನ್ನು ನೋಡಿದರೆ ಅವನ ಪಾತ್ರೆಗಳು ನಮ್ಮ ಪಾವಿಗಿಂತ ಅಗಲಬಾಯಿಯವಾಗಿದ್ದಿರಬೇಕು.

ಹಿಟ್ಟಿನ ಸಂಗತಿಯು ಇನ್ನೂ ತೊಡಕಾದದ್ದು. ರಾಗಿಯ ಹಿಟ್ಟನ್ನು ಜರಡಿಯಾಡಿಸಿ ಮೆಲ್ಲಗೆ ಸುರಿದರೆ ಪಾವಿಗೆ 133 ಗ್ರ್ಯಾಂ. ಅದೇ ಹಿಟ್ಟನ್ನು ನಾಲ್ಕಾರು ಸಲ ಕುಟ್ಟಿ ತುಂಬಿದರೆ 171. ಕಾಳುಗಳಲ್ಲಿ ಕೈಯ ವ್ಯತ್ಯಾಸವು ನೂರಕ್ಕೆ ಐದಾರು ಬಂದರೆ ಹಿಟ್ಟಿನಲ್ಲಿ ಮೂವತ್ತರವರೆಗೂ ಬರುತ್ತದೆ. ಮುದ್ದೆಗೆ ಇದರಿಂದ ಹೆಚ್ಚಿನ ಬಾಧೆಯಿಲ್ಲ, ಕೋಲು ತಿರುವುವವರು ನೋಡಿಕೊಳ್ಳುತ್ತಾರೆ. ಆದರೆ ಚಕ್ಕುಲಿಗೆ ಅಕ್ಕಿಹಿಟ್ಟು ಉದ್ದಿನಹಿಟ್ಟುಗಳ ಪ್ರಮಾಣ ಕೆಟ್ಟಿತೆಂದರೆ ಎಣ್ಣೆಗೆ ಬಿದ್ದ ಮೇಲೆ ಮಾಡತಕ್ಕದ್ದೇನೂ ಇಲ್ಲ. ಹಿಟ್ಟನ್ನು ತೂಗುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ಉಪ್ಪಿನಲ್ಲಿ ಅಪಾಯವು ಬೇರೆ ರೀತಿಯದು. ನಮ್ಮ ತಾಯಿಯವರ ಕಾಲದಲ್ಲಿ ಉಪ್ಪೆಂದರೆ ಕಲ್ಲುಪ್ಪು. ಅದು ಪಾವಿಗೆ 230 ಗ್ರ್ಯಾಂ ತೂಗಿತು. ಈಗ ಪೊಟ್ಟಣದಲ್ಲಿ ಬರುವ ಪುಡಿಯುಪ್ಪು 302 ಗ್ರ್ಯಾಂ. ಹಳೆಯ ಪುಸ್ತಕವನ್ನು ನೋಡಿ ಪಾವಿನ ತುಂಬ ಪುಡಿಯುಪ್ಪನ್ನು ಮಾವಿನಕಾಯಿಗೆ ಸುರಿದವರು ಮೂರರಲ್ಲೊಂದು ಪಾಲಿನಷ್ಟು ಉಪ್ಪನ್ನು ಹೆಚ್ಚಾಗಿ ಹಾಕಿದಂತೆ. ಇದಕ್ಕೆ ಹೆದರಿ ಅಂದಾಜಿನ ಮೇಲೆ ಉಪ್ಪನ್ನು ಇಳಿಸುವವರು ಇನ್ನೂ ದೊಡ್ಡ ತೊಂದರೆಯನ್ನು ತಂದುಕೊಳ್ಳುತ್ತಾರೆ. ಉಪ್ಪಿನಕಾಯಿಯು ಕೆಡದಂತೆ ಕಾಯತಕ್ಕದ್ದು ಆ ಉಪ್ಪೇ ಆದ್ದರಿಂದ, ಕಡಿಮೆಯಾದರೆ ಆಷಾಢದ ತೇವಕ್ಕೆ ಜಾಡಿಯ ಮೇಲೆ ಬೂಷ್ಟು ಕಟ್ಟುವುದು. ಇಲ್ಲಿ 230 ಗ್ರ್ಯಾಂ ಎಂದು ಬರೆದಿಟ್ಟರೆ ಕಲ್ಲಾದರೂ ಸರಿ, ಪುಡಿಯಾದರೂ ಸರಿ. ಗ್ರ್ಯಾಮಿನ ನಿಜವಾದ ಉಪಕಾರವು ಇಂಥ ಕಡೆಯಲ್ಲಿ ಕಾಣುತ್ತದೆ.

ದ್ರವಗಳಲ್ಲಿ ಕೈಯ ಭೇದವು ಹೆಚ್ಚಿಲ್ಲ, ವಸ್ತುವಿನ ಭೇದವುಂಟು. ಹಾಲು 260, ಕಡಲೆಕಾಯಿ ಎಣ್ಣೆ 231, ಕರಗಿದ ತುಪ್ಪ 228, ಜೇನುತುಪ್ಪ 356. ಅಂಗಡಿಯ ಎಣ್ಣೆಯ ಪೊಟ್ಟಣದ ಮೇಲೆ 1 ಲೀಟರು ಎಂದೂ 910 ಗ್ರ್ಯಾಂ ಎಂದೂ ಎರಡನ್ನೂ ಅಚ್ಚುಹಾಕಿರುವುದನ್ನು ವಾಚಕರು ನೋಡಿರಬಹುದು. ದ್ರವಕ್ಕೂ ಒಣಪದಾರ್ಥಕ್ಕೂ ಒಂದೇ ಲೆಕ್ಕ ಸಲ್ಲದೆಂದು ಕಂಡು, ಶಾರ್ಙ್ಗಧರರು ಪ್ರಸ್ಥದಿಂದ ಮೇಲಕ್ಕೆ ದ್ರವವನ್ನೂ ಹಸಿಯ ಪದಾರ್ಥವನ್ನೂ ಹೇಳಿದ್ದರ ಇಮ್ಮಡಿಯಾಗಿ ತೆಗೆದುಕೊಳ್ಳಬೇಕೆಂದು ವಿಧಿಸಿದ್ದಾರೆ. ನಮ್ಮ ವೈದ್ಯರು ಕಷಾಯ ತೈಲಗಳನ್ನು ಮಾಡುವಾಗ ಈ ಪರಿಭಾಷೆಯನ್ನು ಅನುಸರಿಸುತ್ತಾರೆ. ಅಡಿಗೆಯವರಿಗೆ ಅದು ಬೇಡ.

ಈ ಎಲ್ಲ ಕೆಲಸವೂ ಅಕ್ಕನಿಗೆ ಒಪ್ಪಿಗೆಯಾಗಿತ್ತೆಂದು ತಿಳಿಯಬಾರದು. ಮೊದಲನೆಯ ದಿನ ಅವಳು ತಕ್ಕಡಿಯನ್ನು ಮುಟ್ಟಿ ನೋಡಿ, “ತೂಗುವುದು ಅಂಗಡಿಯವನ ಕೆಲಸ. ಮನೆಯಲ್ಲಿ ಯಾರನ್ನು ನಂಬದೆ ತೂಗಬೇಕು?” ಎಂದು ಕೇಳಿದಳು. ಅಳೆಯುವಾಗ ಅವಳು ಮೊದಲನೆಯ ಪಾವನ್ನು ‘ಒಂದು’ ಎನ್ನುವುದಿಲ್ಲ. ‘ಲಾಭ’ ಎಂದು ಹೇಳಿ, ಆಮೇಲೆ ‘ಎರಡು, ಮೂರು’ ಎಂದು ಎಣಿಸುತ್ತಾಳೆ. ಧನಿಯವನ್ನು ಅಳೆಯುವಾಗ ‘ಲಾಭ’ ಎಂದಳು. ನನ್ನ ಹೆಂಡತಿಯು ‘84’ ಎಂದು ಬರೆದುಕೊಂಡಳು. ನಮ್ಮ ಕಡೆ ಸೊಸೆಯಾದವಳು ಹೊಸ್ತಿಲ ಮೇಲಿನ ಸೇರಕ್ಕಿಯನ್ನು ಬಲಗಾಲಿನಿಂದ ಒದ್ದು ಒಳಗೆ ಬರುತ್ತಾಳೆ. ಒಂದು ಕಿಲೋಗ್ರ್ಯಾಂ ಪೊಟ್ಟಣವನ್ನು ಒದೆಯುವ ದಿನವು ಬಾರದಿರಲೆಂದು ಅಕ್ಕ ನಗುತ್ತ ಹೇಳಿದಳು. ನಾನು ಆಕ್ಷೇಪಿಸಲಿಲ್ಲ. ಆದರೆ ಮ್ಯೂನಿಕ್ಕಿನ ಮಾತನ್ನು ತೆಗೆದು, ಕಾಯಿ ಧನಿಯದ ಎರಡರಷ್ಟಾದ ಸಾರಿನ ಕಥೆಯನ್ನು ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅದು ನನ್ನ ಹೆಸರಿನ ಸಾರಾಯಿತೆ?” ಎಂದಳು. ಮರುದಿನ ತಾನೇ ಪಾವನ್ನು ತೊಳೆದು ಒರಸಿ ತಂದು ಕುಳಿತಳು.

ಅಳತೆಯ ಪಕ್ಷದಲ್ಲಿ ಹೇಳಬೇಕಾದ ನ್ಯಾಯವಾದ ಮಾತೊಂದಿದೆ. ಒಂದೇ ಪಾತ್ರೆಯಿಂದ ಎಲ್ಲವನ್ನೂ ಅಳೆಯುವುದಾದರೆ ಆ ಪಾತ್ರೆಯು ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಪ್ರಮಾಣವು ಕೆಡುವುದಿಲ್ಲ. ಅಕ್ಕಿ ಒಂದು ಪಾವು, ನೀರು ಎರಡು ಪಾವು ಎಂದರೆ ಲೋಟದಲ್ಲಾದರೂ ಅನ್ನವಾಗುತ್ತದೆ, ಚೆಂಬಿನಲ್ಲಾದರೂ ಅನ್ನವಾಗುತ್ತದೆ. ಇಂಥದ್ದನ್ನು ಗ್ರ್ಯಾಮಿಗೆ ಇಳಿಸುವುದು ವ್ಯರ್ಥವಾದ ಶ್ರಮ. ಹೊರದೇಶಗಳಲ್ಲಿರುವ ನಮ್ಮವರು ಎಡವುವುದು ಪಾತ್ರೆಗಳು ಬೆರೆತಾಗ. ಅನ್ನ ಮಾಡುವ ವಿದ್ಯುತ್ಪಾತ್ರೆಯ ಜತೆಗೆ ಬರುವ ಬಟ್ಟಲು ಸಾಮಾನ್ಯವಾಗಿ ಜಪಾನಿನ ಲೆಕ್ಕದ್ದು, 180 ಮಿಲಿಲೀಟರು, ಅಮೆರಿಕದ ಪುಸ್ತಕಗಳ ‘ಕಪ್ಪು’ 237 ಮಿಲಿಲೀಟರಿನ ಹತ್ತಿರ, ಆಸ್ಟ್ರೇಲಿಯದ್ದು 250. ಒಂದರಲ್ಲಿ ಅಕ್ಕಿಯನ್ನೂ ಇನ್ನೊಂದರಲ್ಲಿ ನೀರನ್ನೂ ಅಳೆದರೆ ಅನ್ನವು ಗಂಜಿಯಾದರೂ ಆದೀತು, ಮುಗುಳಕ್ಕಿಯಾಗಿ ಉಳಿದರೂ ಉಳಿದೀತು. ಅಮೆರಿಕದವರು ಬಟ್ಟಲಿನ ಅಳತೆಯನ್ನು ಬಿಟ್ಟವರಲ್ಲ. ಬಾಸ್ಟನ್ನಿನ ಫ್ಯಾನಿ ಫಾರ್ಮರ್ ಎಂಬ ಮಹಿಳೆ 1896 ರ ತನ್ನ ಪಾಕಗ್ರಂಥದಲ್ಲಿ ಬಟ್ಟಲಿನ ತಲೆಯನ್ನು ಚಾಕುವಿನಿಂದ ಗೀಸಿಯೇ ಅಳೆಯಬೇಕೆಂದು ಪಟ್ಟುಹಿಡಿದು ಕಲಿಸಿದಳು. ನಮ್ಮ ಅಕ್ಕನ ಹೆಬ್ಬೆರಳಿನ ಕೆಲಸವೂ ಅದೇ.

ಸಾರಿನ ಪುಡಿಯ ಲೆಕ್ಕವು ಕಡೆಗೆ ಹೀಗೆ ನಿಂತಿತು. ಧನಿಯ ಸೇರಿಗೆ 336 ಗ್ರ್ಯಾಂ, ಮೆಣಸಿನಕಾಯಿ ಎರಡು ಸೇರಿಗೆ 220, ಜೀರಿಗೆ 54, ಮೆಣಸು 36, ಮೆಂತ್ಯ 24, ಸಾಸಿವೆ 21, ಒಟ್ಟು 691. ಧನಿಯಕ್ಕೆ ಮೆಣಸಿನಕಾಯಿಯು ಮೂರರಲ್ಲಿ ಎರಡು ಪಾಲು ಮಾತ್ರ; ಸೊಸೆ ಹುರಿದದ್ದಕ್ಕೂ ಇದಕ್ಕೂ ಮೂರರಷ್ಟು ಅಂತರ. ಈ ತೂಕಗಳೆಲ್ಲವೂ ಬಿಸಿಲಿನಲ್ಲಿ ಒಣಗಿಸಿ, ಹಸನುಮಾಡಿ, ಹುರಿಯುವುದಕ್ಕೆ ಮೊದಲು ತೆಗೆದವು. ಇದನ್ನು ಬರೆದಿಡುವುದು ಅವಶ್ಯಕ. ಹುರಿದರೆ ತೇವವು ಹೋಗಿ ತೂಕ ಇಳಿಯುತ್ತದೆ, ಕುಟ್ಟಿದರೆ ಅಳತೆಯೇ ಬೇರೆಯಾಗುತ್ತದೆ. ನಮ್ಮಲ್ಲಿ ಹುರಿದು ಪುಡಿಮಾಡಿದ ಮೇಲೆ 640 ಗ್ರ್ಯಾಂ ಉಳಿಯಿತು. ಅಕ್ಕ ಅದನ್ನು ಮೂಸಿ ನೋಡಿ, ಒಂದು ಚಿಟಿಕೆಯನ್ನು ನಾಲಿಗೆಯ ಮೇಲಿಟ್ಟುಕೊಂಡು, ಕಾಯಿ ಹೊಸದಾದ್ದರಿಂದ ಬಣ್ಣ ಹೆಚ್ಚಿರಬೇಕೆಂದಳು. ಬೇರೆ ಯಾವ ದೋಷವನ್ನೂ ಹೇಳಲಿಲ್ಲ. ಕಾಲು ಪಾಲಿನ ಲೆಕ್ಕವನ್ನು ಸೊಸೆಗೆ ಕಳುಹಿಸಿದೆವು: ಧನಿಯ 84, ಮೆಣಸಿನಕಾಯಿ 55, ಜೀರಿಗೆ 13 ರಿಂದ 14, ಮೆಣಸು 9, ಮೆಂತ್ಯ 6, ಸಾಸಿವೆ 5. ಎರಡು ವಾರಗಳ ಮೇಲೆ ದೂರವಾಣಿಯಲ್ಲಿ ಅವಳು ಅಕ್ಕನೊಡನೆ ಮುಕ್ಕಾಲು ಗಂಟೆ ಮಾತಾಡಿದಳು. ಸಾರಿನ ವಿಷಯ ಅದರಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚಿರಲಿಲ್ಲ.

ಪುಸ್ತಕದಲ್ಲಿ ಇನ್ನೂ ನಲವತ್ತಕ್ಕೆ ಮೇಲ್ಪಟ್ಟು ಬಾಬುಗಳು ಉಳಿದಿವೆ. ವಾರಕ್ಕೆ ಎರಡು ದಿನ, ಬೆಳಗಿನ ಬೆಳಕು ಚೆನ್ನಾಗಿರುವಾಗ, ತೂಗಲು ಕೂಡುತ್ತೇವೆ. ಹುಣಿಸೆಹಣ್ಣನ್ನು ನಿಂಬೆಹಣ್ಣಿನ ಗಾತ್ರವೆಂದು ಬರೆದಿರುವ ಕಡೆಗಳಲ್ಲಿ ಅಕ್ಕನಿಂದ ಉಂಡೆಮಾಡಿಸಿ ತೂಗಿ ಅಂಕಿಯನ್ನು ಪಕ್ಕದಲ್ಲಿ ಬರೆಯುತ್ತಿದ್ದೇವೆ. ಇಂಗಿನದು ಮಾತ್ರ ನಮ್ಮ ತಕ್ಕಡಿಗೆ ನಿಲುಕಲಿಲ್ಲ. ಪುಸ್ತಕದಲ್ಲಿ ‘ಕಡಲೆಕಾಳಿನಷ್ಟು, ಎರಡು’ ಎಂದಿದೆ. ಅಕ್ಕ ಚಿವುಟಿ ಕೊಟ್ಟ ಎರಡು ಚೂರುಗಳನ್ನು ಇಟ್ಟರೆ ಅಂಕೆಯು ಶೂನ್ಯವನ್ನು ಬಿಟ್ಟು ಕದಲಲಿಲ್ಲ. ಅಕ್ಕಸಾಲಿಗರ ತಕ್ಕಡಿಯಾದರೆ ಗುಲಗಂಜಿಯ ತೂಕವನ್ನೂ ತೋರಿಸೀತು. ಅದನ್ನು ತರಿಸುವವರೆಗೂ ಆ ಸಾಲಿನಲ್ಲಿ ಗ್ರ್ಯಾಮಿನ ಎಡೆಯನ್ನು ಖಾಲಿ ಬಿಟ್ಟು, ಕಡಲೆಕಾಳನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.